ಸಾಲಿನ ನಡುವಿನ ದೊಡ್ಡಕ್ಷರ: ಹಳೆಯ ಇಂಗ್ಲಿಷ್ ಬರಹಗಳನ್ನು ನಕಲು ಮಾಡುವಾಗ

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲೋ ಬೆಂಗಳೂರಿನ ಹಳೆಯ ಚರ್ಚುಗಳ ಗೋಡೆಯಲ್ಲೋ ಇರುವ ಇಂಗ್ಲಿಷ್ ಸಮಾಧಿ ಬರಹಗಳ ಫೋಟೋ ತೆಗೆದು, ಪಾಠವನ್ನು ಟೈಪ್ ಮಾಡಿ ಹಂಚಿಕೊಳ್ಳುವ ಆಸಕ್ತರು ಈಗ ಸಾಕಷ್ಟು ಜನ ಇದ್ದಾರೆ. ಒಳ್ಳೆಯ ಕೆಲಸ. ಕಲ್ಲು ಸವೆದು ಹೋದ ಮೇಲೆ ಉಳಿಯುವುದು ಆ ಪಾಠ ಮಾತ್ರ. ಆದರೆ ಫೋಟೋವನ್ನೂ ಟೈಪ್ ಮಾಡಿದ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಲ್ಲಿನಲ್ಲಿ ವಾಕ್ಯದ ನಡುವೆ ‘ಮೆಮೊರಿ’, ‘ಬಾಡಿ’, ‘ವೈಫ್’, ‘ಲೈಫ್’ ಮುಂತಾದ ಪದಗಳ ಮೊದಲ ಅಕ್ಷರ ದೊಡ್ಡದಾಗಿದ್ದರೆ ಪಾಠದಲ್ಲಿ ಅದು ಸಣ್ಣದಾಗಿರುತ್ತದೆ. ಕಲ್ಲಿನಲ್ಲಿಲ್ಲದ ಅಲ್ಪವಿರಾಮ ಪಾಠದಲ್ಲಿ ಬಂದಿರುತ್ತದೆ. ಕಲ್ಲಿನಲ್ಲಿ ಪದಪದಕ್ಕೂ ಇದ್ದ ಚುಕ್ಕೆಗಳು ಮಾಯವಾಗಿರುತ್ತವೆ. ಅರ್ಥ ಹೇಗೂ ಗೊತ್ತಾಗುತ್ತದಲ್ಲ, ಹಳೇ ಕಾಲದವರ ಶೋಕಿ ಯಾಕೆ ಬೇಕು ಅಂತ ಸರಿಪಡಿಸಿಬಿಟ್ಟಿರುತ್ತಾರೆ.

ಇದೇ ಜನ ಕನ್ನಡ ಶಾಸನದ ವಿಷಯದಲ್ಲಿ ಹೀಗೆ ಮಾಡುವುದಿಲ್ಲ. ಅನುಸ್ವಾರ ಬಿಟ್ಟುಹೋಗಿದ್ದರೆ, ದೀರ್ಘದ ಕಡೆ ಹ್ರಸ್ವ ಬಂದಿದ್ದರೆ, ಶಕಟರೇಫದ ಜಾಗದಲ್ಲಿ ಸಾದಾ ರಕಾರ ಇದ್ದರೆ ಇದ್ದದ್ದನ್ನು ಇದ್ದ ಹಾಗೇ ಕೊಟ್ಟು, ತಿದ್ದುಪಡಿಯನ್ನು ಆವರಣದಲ್ಲೋ ಅಡಿಟಿಪ್ಪಣಿಯಲ್ಲೋ ತೋರಿಸುತ್ತಾರೆ. ಆ ಶಿಸ್ತು ಇಂಗ್ಲಿಷ್ ಕಲ್ಲಿಗೆ ಬಂದಾಗ ಸಡಿಲವಾಗುವುದಕ್ಕೆ ಕಾರಣ ನಮ್ಮ ಶಾಲೆಯ ಪಾಠ ಇರಬಹುದು. ವಾಕ್ಯದ ಮೊದಲಿಗೆ ಕ್ಯಾಪಿಟಲ್ ಲೆಟರ್, ಹೆಸರುಗಳಿಗೆ ಕ್ಯಾಪಿಟಲ್ ಲೆಟರ್, ಬೇರೆಲ್ಲ ಸ್ಮಾಲ್ ಲೆಟರ್. ಇದು ಮೀರಿದರೆ ಕೆಂಪು ಶಾಯಿ. ಆ ನಿಯಮ ಇಂಗ್ಲಿಷಿನ ಜೊತೆಗೇ ಹುಟ್ಟಿದ್ದು ಎಂದು ನಾವು ಅಂದುಕೊಂಡಿದ್ದೇವೆ. ಅದು ಈಗಿನ ರೂಪಕ್ಕೆ ಬಂದು ಹೆಚ್ಚೆಂದರೆ ಇನ್ನೂರೈವತ್ತು ವರ್ಷ.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ್ದರಿಂದ ಅದು ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ರೋಮ್‌ನಲ್ಲಿ ಕ್ರಿ.ಶ. 113ರ ಟ್ರೇಜನ್ ಸ್ತಂಭದ ಪೀಠದಲ್ಲಿ ಒಂದು ಶಾಸನವಿದೆ. ಅಕ್ಷರಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಅದನ್ನು ನೋಡಿಯೇ ಕಲಿಯುತ್ತಾರೆ. ಅದರಲ್ಲಿ ಎಲ್ಲವೂ ದೊಡ್ಡಕ್ಷರಗಳೇ. ಪದ ಮುಗಿದ ಕಡೆ ಅಕ್ಷರದ ನಡುಮಟ್ಟದಲ್ಲಿ ಒಂದೊಂದು ಚುಕ್ಕೆ ಇದೆ. ಅದು ವಿರಾಮವಲ್ಲ, ಪದ ಬೇರ್ಪಡಿಸುವ ಗುರುತು. ಮುಂದೆ ಆ ಚುಕ್ಕೆಯನ್ನೂ ಬಿಟ್ಟು, ನಮ್ಮ ಹಲ್ಮಿಡಿ ಶಾಸನದ ಹಾಗೆ, ಪದಗಳನ್ನು ಒಂದಕ್ಕೊಂದು ಸೇರಿಸಿ ಬರೆಯುವ ರೂಢಿ ಲ್ಯಾಟಿನ್ ಪುಸ್ತಕಗಳಲ್ಲಿ ಬಂತು. ಓದುವವನೇ ಬಿಡಿಸಿಕೊಳ್ಳಬೇಕು. ಪದಗಳ ನಡುವೆ ಜಾಗ ಬಿಡುವ ಅಭ್ಯಾಸವನ್ನು 7-8ನೇ ಶತಮಾನದ ಹೊತ್ತಿಗೆ ಬೆಳೆಸಿದವರು ಐರ್ಲೆಂಡಿನ ಸನ್ಯಾಸಿ ಲಿಪಿಕಾರರು. ಲ್ಯಾಟಿನ್ ಅವರ ಮನೆಮಾತಾಗಿರಲಿಲ್ಲ. ಪರಭಾಷೆಯನ್ನು ಓದುವವರಿಗೆ ಪದ ಎಲ್ಲಿ ಮುಗಿಯುತ್ತದೆಂದು ಕಾಣಬೇಕಿತ್ತು. ಸಂಸ್ಕೃತವನ್ನು ಪದಚ್ಛೇದ ಮಾಡಿ ಕಲಿತ ನಮಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

8ನೇ ಶತಮಾನದ ಕೊನೆಯಲ್ಲಿ ಶಾರ್ಲೆಮೇನ್ ದೊರೆಯ ಆಡಳಿತದಲ್ಲಿ ಒಂದು ದುಂಡನೆಯ, ಸ್ಪಷ್ಟವಾದ ಪುಸ್ತಕದ ಲಿಪಿ ಹರಡಿತು. ಈಗಿನ ಸಣ್ಣಕ್ಷರಗಳ ಮೂಲ ಅದು. 15ನೇ ಶತಮಾನದಲ್ಲಿ ಇಟಲಿಯ ವಿದ್ವಾಂಸರು, ಮುದ್ರಕರು ಪುಸ್ತಕದ ಈ ದುಂಡಕ್ಷರವನ್ನೂ ರೋಮನ್ ಕಲ್ಲುಗಳ ಅಕ್ಷರವನ್ನೂ ಜೋಡಿಮಾಡಿ ಒಂದೇ ಅಚ್ಚುಮೊಳೆಯ ಕುಟುಂಬ ಮಾಡಿದರು. ಅಂದರೆ ಇಂಗ್ಲಿಷ್ ಸಾಲಿನಲ್ಲಿ ಕಾಣುವ ದೊಡ್ಡಕ್ಷರ ಉಳಿಯಿಂದ ಬಂದದ್ದು, ಸಣ್ಣಕ್ಷರ ಲೇಖನಿಯಿಂದ ಬಂದದ್ದು. ಇವೆರಡರ ನಡುವೆ ಏಳುನೂರು ವರ್ಷದ ಅಂತರವಿದೆ. ಬ್ರಾಹ್ಮಿಯ ಅಕ್ಷರವನ್ನೂ ಗಂಗರ ಕಾಲದ ಅಕ್ಷರವನ್ನೂ ಒಂದೇ ಪದದಲ್ಲಿ ಬೆರೆಸಿ ಬರೆದ ಹಾಗೆ.

ವಿರಾಮ ಚಿಹ್ನೆಗಳ ಕಥೆಯೂ ಹೀಗೇ ಬೆರಕೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣ ಶುರುಮಾಡಿದಾಗ ಅವನ ಪುಟಗಳಲ್ಲಿ ಈಗಿನ ಬಾಲದ ಅಲ್ಪವಿರಾಮ ಇರಲಿಲ್ಲ. ಆ ಕೆಲಸವನ್ನು ಓರೆಗೆರೆಯೊಂದು ಮಾಡುತ್ತಿತ್ತು. ಅರ್ಧವಿರಾಮ ಚಿಹ್ನೆ ಅಚ್ಚಿಗೆ ಮೊದಲು ಬಂದದ್ದು 1496ರಲ್ಲಿ, ವೆನಿಸ್‌ನ ಆಲ್ಡಸ್ ಮನುಟಿಯಸ್ ಮುದ್ರಿಸಿದ ಪಿಯೆತ್ರೊ ಬೆಂಬೊನ ಪುಸ್ತಕದಲ್ಲಿ. ಇಂಗ್ಲೆಂಡಿಗೆ ಇವೆಲ್ಲ ನಿಧಾನವಾಗಿ ಬಂದವು. ಬಂದ ಮೇಲೂ ಬಹುಕಾಲ ಅವು ವ್ಯಾಕರಣದ ಗುರುತಾಗಿರದೆ ಉಸಿರಿನ ಗುರುತಾಗಿದ್ದವು. ಗಟ್ಟಿಯಾಗಿ ಓದುವವನು ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಎಂದು ಹೇಳುವುದಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬಂದೂಕಿನ ಹಕ್ಕಿನ ಪ್ರಸಂಗದಲ್ಲಿ ಬೇಕಾಗುತ್ತದೆ.

17ನೇ ಶತಮಾನದಲ್ಲಿ ಸಾಲಿನ ನಡುವಿನ ದೊಡ್ಡಕ್ಷರಗಳು ಒಂದೇ ಸಮನೆ ಹೆಚ್ಚಿದವು. ಮೊದಲು ದೇವರು, ದೊರೆ, ಪದವಿ, ಊರು, ವ್ಯಕ್ತಿಗಳ ಹೆಸರಿಗೆ. ಆಮೇಲೆ ಒತ್ತಿ ಹೇಳಬೇಕಾದ ಯಾವ ಪದಕ್ಕಾದರೂ. ಕೊನೆಗೆ ಹೆಚ್ಚುಕಡಿಮೆ ಪ್ರತಿಯೊಂದು ನಾಮಪದಕ್ಕೂ. 1683-84ರಲ್ಲಿ ಜೋಸೆಫ್ ಮಾಕ್ಸನ್ ಎಂಬಾತ ಮುದ್ರಣದ ಕಸುಬಿನ ಬಗ್ಗೆ ಇಂಗ್ಲಿಷಿನಲ್ಲಿ ವಿವರವಾದ ಕೈಪಿಡಿ ಪ್ರಕಟಿಸಿದ. ಒತ್ತು ಬೇಕಾದ ಪದಗಳನ್ನು ಬೇರೆ ಅಕ್ಷರದಲ್ಲಿ ಅಥವಾ ದೊಡ್ಡಕ್ಷರದಿಂದ ಆರಂಭಿಸಿ ತೋರಿಸುವುದು, ಲೇಖಕನ ಕಾಗುಣಿತ ಮತ್ತು ವಿರಾಮ ಚಿಹ್ನೆಗಳನ್ನು ನೆಟ್ಟಗೆ ಮಾಡುವುದು ಮೊಳೆ ಜೋಡಿಸುವವನ ಕೆಲಸ ಎಂಬ ಭಾವನೆ ಅದರಲ್ಲಿದೆ. ಹಾಗಾಗಿ ಆ ಕಾಲದ ಪುಸ್ತಕದಲ್ಲಿ ಒಂದು ಪದ ದೊಡ್ಡಕ್ಷರದಿಂದ ಶುರುವಾಗಿದ್ದರೆ ಅದು ಲೇಖಕನ ಮನಸ್ಸೋ ಅಚ್ಚುಮನೆಯವನ ಕೈಯೋ ಎಂಬ ಪ್ರಶ್ನೆ ಯಾವಾಗಲೂ ಇರುತ್ತದೆ. ನಮ್ಮ ಶಾಸನಗಳಲ್ಲಿ ಬರೆದವನು ಬೇರೆ, ಕಂಡರಿಸಿದ ರೂವಾರಿ ಬೇರೆ. ಎಷ್ಟೋ ಕಡೆ ಇಬ್ಬರ ಹೆಸರನ್ನೂ ಕೊನೆಯಲ್ಲಿ ಹೇಳಿರುತ್ತಾರೆ. ಅಚ್ಚಿನ ಮೊಳೆ ಜೋಡಿಸಿದವನಿಗೆ ಆ ಭಾಗ್ಯ ಇರಲಿಲ್ಲ.

18ನೇ ಶತಮಾನದ ಮಧ್ಯಭಾಗ ದಾಟುತ್ತಿದ್ದಂತೆ ಅಚ್ಚಿನಲ್ಲಿ ಈ ರೂಢಿ ಇಳಿಯತೊಡಗಿತು. ಪುಟ ಸಮವಾಗಿ, ನುಣುಪಾಗಿ ಕಾಣಬೇಕು ಎಂಬ ರುಚಿ ಬಂತು. ಇದನ್ನು ನೋಡಿ ಸಂಕಟಪಟ್ಟವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬ. ರಾಜಕಾರಣಿ, ವಿಜ್ಞಾನಿ ಎಂದೆಲ್ಲ ಹೆಸರಾಗುವ ಮೊದಲು ಆತ ಮುದ್ರಕ. ಕೈಯಲ್ಲಿ ಮೊಳೆ ಹಿಡಿದವನು. 1789ರ ಡಿಸೆಂಬರ್ 26ರಂದು, ಸಾಯುವುದಕ್ಕೆ ನಾಲ್ಕು ತಿಂಗಳ ಮುಂಚೆ, ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಬರೆದ ಕಾಗದದಲ್ಲಿ ಹೀಗೆ ದೂರುತ್ತಾನೆ: ಹಿಂದೆ ನಾಮಪದಗಳಿಗೆಲ್ಲ ದೊಡ್ಡಕ್ಷರ ಇಡುತ್ತಿದ್ದರು, ಅದರಿಂದ ಓದುವವರಿಗೆ, ಅದರಲ್ಲೂ ಭಾಷೆಯ ಪರಿಚಯ ಕಡಿಮೆ ಇರುವವರಿಗೆ, ಅನುಕೂಲವಾಗುತ್ತಿತ್ತು, ಈಗ ಸಾಲು ಸಮವಾಗಿ ಕಾಣಲಿ ಅಂತ ಅದನ್ನು ಬಿಟ್ಟಿದ್ದಾರೆ. ಎಲ್ಲರ ಮೂಗನ್ನೂ ಕೆತ್ತಿ ಹಾಕಿದರೆ ಮುಖ ಸಪಾಟಾಗುತ್ತದೆ ನಿಜ, ಆದರೆ ಯಾರು ಯಾರೆಂದು ಗುರುತಿಸುವುದು ಕಷ್ಟವಾಗುತ್ತದೆ ಎಂಬ ಅರ್ಥದ ಹೋಲಿಕೆ ಅವನದು. ಅದೇ ಕಾಗದದಲ್ಲಿ ಇನ್ನೊಂದು ಒಳ್ಳೆಯ ಮಾತೂ ಇದೆ. ಪ್ರಶ್ನಾರ್ಥಕ ಚಿಹ್ನೆಯನ್ನು ವಾಕ್ಯದ ಕೊನೆಗೆ ಇಡುವುದರಿಂದ ಗಟ್ಟಿಯಾಗಿ ಓದುವವನಿಗೆ ಅದು ಪ್ರಶ್ನೆ ಎಂದು ತಡವಾಗಿ ತಿಳಿಯುತ್ತದೆ, ಸ್ಪೇನಿನವರು ಮೊದಲಲ್ಲೇ ಇಡುತ್ತಾರೆ, ಅದೇ ಜಾಣತನ ಎಂದು.

ಫ್ರಾಂಕ್ಲಿನ್ ಸಹಿ ಹಾಕಿದ ಎರಡು ದೊಡ್ಡ ದಾಖಲೆಗಳು ಇದೇ ಬದಲಾವಣೆಯ ನಡುವೆ ಸಿಕ್ಕಿಕೊಂಡಿವೆ. ಒಂದು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಇನ್ನೊಂದು 1787ರ ಸಂವಿಧಾನ. ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಇವು ಒಂದು ರೀತಿಯಲ್ಲಿ ಆ ದೇಶದ ಶಾಸನಗಳೇ. ಎರಡೂ ಈಗ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಗಾಜಿನೊಳಗಿವೆ.

ಘೋಷಣೆಯ ಕರಡು ಬರೆದ ಥಾಮಸ್ ಜೆಫರ್‌ಸನ್‌ಗೆ ದೊಡ್ಡಕ್ಷರ ಅಂದರೆ ಅಷ್ಟಕ್ಕಷ್ಟೆ. ಅವನ ಕೈಬರಹದಲ್ಲಿ ಎಷ್ಟೋ ಸಲ ವಾಕ್ಯದ ಮೊದಲ ಅಕ್ಷರವೇ ಸಣ್ಣದು. ಜುಲೈ 4ರ ರಾತ್ರಿ ಫಿಲಡೆಲ್ಫಿಯಾದ ಜಾನ್ ಡನ್‌ಲಪ್ ಅದನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿದ. ಅವಸರದ ಆ ಅಚ್ಚಿನಲ್ಲಿ ಮೊದಲ ಸಾಲಿನ ‘ಈವೆಂಟ್ಸ್’, ‘ಪೀಪಲ್’ ಪದಗಳು ದೊಡ್ಡಕ್ಷರದಿಂದ ಶುರುವಾಗುತ್ತವೆ. ಆಮೇಲೆ ಚರ್ಮದ ಹಾಳೆಯ ಮೇಲೆ ಅಂದವಾಗಿ ಬರೆಯಲು ಜುಲೈ 19ರಂದು ಆಜ್ಞೆಯಾಯಿತು. ಬರೆದವನು ತಿಮೊತಿ ಮ್ಯಾಟ್‌ಲ್ಯಾಕ್ ಎಂದು ನಂಬಿಕೆ. ಅವನ ಬರಹದಲ್ಲಿ ಅವೇ ‘ಈವೆಂಟ್ಸ್’, ‘ಪೀಪಲ್’ ಸಣ್ಣಕ್ಷರಕ್ಕೆ ಇಳಿದಿವೆ, ಆದರೆ ಅದೇ ಸಾಲಿನ ‘ಕೋರ್ಸ್’ ದೊಡ್ಡದಾಗಿಯೇ ಉಳಿದಿದೆ. ಒಂದೇ ಪಠ್ಯ, ಕೆಲವೇ ವಾರಗಳ ಅಂತರ, ಮೂರು ಕೈ, ಮೂರು ಪದ್ಧತಿ.

ಇದರಲ್ಲಿ ಜನ ಹೆಚ್ಚು ಜಗಳವಾಡುವುದು ‘ಯುನೈಟೆಡ್’ ಪದದ ಮೇಲೆ. ಚರ್ಮದ ಹಾಳೆಯ ಶೀರ್ಷಿಕೆಯಲ್ಲಿ ‘ಯುನೈಟೆಡ್ ಸ್ಟೇಟ್ಸ್’ ಎನ್ನುವಲ್ಲಿ ‘ಸ್ಟೇಟ್ಸ್’ನ ‘ಎಸ್’ ದೊಡ್ಡದು, ‘ಯುನೈಟೆಡ್’ನ ‘ಯು’ ಸಣ್ಣದು. ಹಾಗಾಗಿ ಅದು ದೇಶದ ಹೆಸರಲ್ಲ, ‘ಒಂದಾದ ರಾಜ್ಯಗಳು’ ಎಂಬ ಬರೀ ವಿಶೇಷಣ. ರಾಜ್ಯಗಳು ಪ್ರತ್ಯೇಕ ಸಾರ್ವಭೌಮಗಳಾಗಿದ್ದವು ಎಂಬುದಕ್ಕೆ ಇದೇ ಪುರಾವೆ ಎಂದು ವಾದಿಸುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಅದೇ ಹಾಳೆಯ ಕೊನೆಯ ಭಾಗ ನೋಡಿ. ಅಲ್ಲಿ ‘ಯುನೈಟೆಡ್ ಸ್ಟೇಟ್ಸ್’ನ ‘ಯು’ ಮತ್ತೆ ಸಣ್ಣದು. ಸ್ವಲ್ಪ ಮುಂದೆ ಅದೇ ವಾಕ್ಯದಲ್ಲಿ ‘ಯುನೈಟೆಡ್ ಕಾಲನೀಸ್’ ಬಂದಾಗ ‘ಯು’ ದೊಡ್ಡದು! ಹುಟ್ಟುತ್ತಿರುವ ದೇಶಕ್ಕೆ ಸಣ್ಣಕ್ಷರ, ಬಿಟ್ಟುಹೋಗುತ್ತಿರುವ ವಸಾಹತುಗಳಿಗೆ ದೊಡ್ಡಕ್ಷರ. ಡನ್‌ಲಪ್‌ನ ಅಚ್ಚಿನಲ್ಲಿ ಆ ದೇಶದ ಹೆಸರು ಪೂರ್ತಿ ದೊಡ್ಡಕ್ಷರಗಳಲ್ಲಿದೆ. ಆ ಒಂದು ‘ಯು’ ಹಿಡಿದು ಸಂವಿಧಾನ ಸಿದ್ಧಾಂತ ಕಟ್ಟುವುದು ಅಪಾಯ ಎಂದು ನನ್ನ ಅಭಿಪ್ರಾಯ. ಆದರೆ ಆ ‘ಯು’ವನ್ನು ದೊಡ್ಡದು ಮಾಡಿ ಟೈಪ್ ಮಾಡಿಬಿಟ್ಟರೆ ಅದು ಅಪಾಯ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ವಾದಿಸುವವರಿಗೂ ವಾದ ಮುರಿಯುವವರಿಗೂ ಬೇಕಾದ್ದು ಇದ್ದ ಹಾಗಿನ ಪಾಠ.

ಸಂವಿಧಾನವನ್ನು ಬರೆದವನು ಜೇಕಬ್ ಶಾಲಸ್, ಪೆನ್ಸಿಲ್ವೇನಿಯಾ ಶಾಸನಸಭೆಯ ಗುಮಾಸ್ತ. ಕೂಲಿ 30 ಡಾಲರ್. ಇವನು ಹಳೆಯ ಪದ್ಧತಿಯವನು; ನಾಮಪದ ಕಂಡರೆ ದೊಡ್ಡಕ್ಷರ. ಪೀಠಿಕೆಯಲ್ಲಿ ‘ಪೀಪಲ್’, ‘ಆರ್ಡರ್’, ‘ಯೂನಿಯನ್’, ‘ಜಸ್ಟಿಸ್’, ‘ವೆಲ್‌ಫೇರ್’ ಎಲ್ಲಕ್ಕೂ ಇದೆ. ಒಂದಕ್ಕೆ ಮಾತ್ರ ಇಲ್ಲ: ‘ಡಿಫೆನ್ಸ್’. ರಕ್ಷಣೆ ಎಂದರೆ ಇವರಿಗೆ ಅಸಡ್ಡೆ ಇತ್ತೇ? ಖಂಡಿತ ಇಲ್ಲ. ಬರೆಯುವಾಗ ಕೈ ತಪ್ಪಿದೆ, ಅಷ್ಟೇ. ಇದೇ ಬರಹದಲ್ಲಿ ಮೊದಲ ವಿಧಿಯ ಒಂದು ಕಡೆ ‘ಅದರ’ ಎಂಬ ಅರ್ಥದ ‘ಇಟ್ಸ್’ ಪದದಲ್ಲಿ ಈಗಿನ ಮೇಷ್ಟ್ರುಗಳು ಹೊಡೆದು ಹಾಕುವ ಮೇಲ್ಕೊಂಡಿ ಇದೆ. ಸಹಿಗಳ ಪಕ್ಕದಲ್ಲಿ ಪೆನ್ಸಿಲ್ವೇನಿಯಾದ ಹೆಸರನ್ನು ಒಂದೇ ‘ಎನ್’ನಿಂದ ಬರೆಯಲಾಗಿದೆ. ಇದನ್ನಂತೂ ತಪ್ಪು ಎನ್ನಲಾಗದು. ಅದೇ ಊರಿನ ಪ್ರಸಿದ್ಧ ಲಿಬರ್ಟಿ ಬೆಲ್ ಗಂಟೆಯ ಮೇಲೆ 1753ರಲ್ಲಿ ಎರಕ ಹೊಯ್ದ ಬರಹದಲ್ಲೂ ಆ ಹೆಸರಿಗೆ ಒಂದೇ ‘ಎನ್’. ಎರಡು ಸಾಕ್ಷಿ ಸಿಕ್ಕಿದ ಮೇಲೆ ಅದು ಆ ಕಾಲದ ರೂಪ ಎನ್ನಬೇಕಾಗುತ್ತದೆ. ಯಾರೋ ಒಬ್ಬರು ಗಂಟೆಯ ಪಾಠವನ್ನು ತಿದ್ದಿ ದಾಖಲಿಸಿದ್ದರೆ ಪಾಪ, ಆ ಹೆಸರು ಬರೆದವನು ದಡ್ಡನಾಗಿ ಉಳಿಯುತ್ತಿದ್ದ.

ಇನ್ನು ಚುಕ್ಕೆಯ ವಿಷಯ. ಘೋಷಣೆಯ ಅತಿ ಪ್ರಸಿದ್ಧ ಭಾಗ ಜೀವ, ಸ್ವಾತಂತ್ರ್ಯ, ಸುಖದ ಅನ್ವೇಷಣೆ ಎಂಬ ಮೂರು ಹಕ್ಕುಗಳದ್ದು. ಅಲ್ಲಿ ‘ಲೈಫ್’, ‘ಲಿಬರ್ಟಿ’, ‘ಹ್ಯಾಪಿನೆಸ್’ಗೆ ದೊಡ್ಡಕ್ಷರ ಇದೆ, ನಡುವಿನ ‘ಪರ್ಸೂಟ್’ಗೆ ಇಲ್ಲ. ‘ಹ್ಯಾಪಿನೆಸ್’ ಆದ ಮೇಲೆ ಏನಿದೆ? 1820ರ ಹೊತ್ತಿಗಾಗಲೇ ಚರ್ಮದ ಹಾಳೆ ಮಸುಕಾಗಿತ್ತು. ಆಗ ವಿದೇಶಾಂಗ ಸಚಿವನಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಅದರ ಯಥಾಪ್ರತಿ ಮಾಡಲು ವಿಲಿಯಂ ಸ್ಟೋನ್ ಎಂಬ ಕೆತ್ತನೆಗಾರನಿಗೆ ಒಪ್ಪಿಸಿದ. ಅವನು ಮೂರು ವರ್ಷ ಕೂತು ತಾಮ್ರದ ತಗಡಿನಲ್ಲಿ ಕೊರೆದು 1823ರಲ್ಲಿ ಮುಗಿಸಿದ. (ತಾಮ್ರಪಟ ಅಂದಕೂಡಲೇ ನಮ್ಮವರಿಗೆ ದಾನಶಾಸನ ನೆನಪಾಗುತ್ತದೆ, ಇದು ಮುದ್ರಣಕ್ಕಾಗಿ ಉಲ್ಟಾ ಕೊರೆದದ್ದು.) ಇಂದು ಪಠ್ಯಪುಸ್ತಕಗಳಲ್ಲಿ, ಪೋಸ್ಟರುಗಳಲ್ಲಿ ನಾವು ನೋಡುವ ‘ಮೂಲ ಘೋಷಣೆ’ಯ ಚಿತ್ರ ಸಾಮಾನ್ಯವಾಗಿ ಸ್ಟೋನ್‌ನ ಪ್ರತಿಯದ್ದೇ. ಅದರಲ್ಲಿ ‘ಹ್ಯಾಪಿನೆಸ್’ ನಂತರ ಒಂದು ಚುಕ್ಕೆ, ಅದರ ಪಕ್ಕ ಉದ್ದ ಗೆರೆ ಇದೆ. ಪತ್ರಾಗಾರದ ಅಧಿಕೃತ ಪಾಠವೂ ಅಲ್ಲಿ ಪೂರ್ಣವಿರಾಮವನ್ನೇ ಕೊಟ್ಟಿತ್ತು.

2014ರಲ್ಲಿ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಡೇನಿಯಲ್ ಆ್ಯಲನ್ ಎಂಬ ವಿದುಷಿ ಇದನ್ನು ಪ್ರಶ್ನಿಸಿದರು. ಜೆಫರ್‌ಸನ್‌ನ ಕರಡಿನಲ್ಲಿ ಅಲ್ಲಿ ಪೂರ್ಣವಿರಾಮ ಇಲ್ಲ. ಡನ್‌ಲಪ್‌ನ ಅಚ್ಚಿನಲ್ಲಿ ಬರೀ ಗೆರೆ ಇದೆ. ಚರ್ಮದ ಹಾಳೆಯಲ್ಲಿ ಇರುವುದು ಶಾಯಿಯ ಕಲೆಯೇ ಇರಬಹುದು ಎಂದರು. ಒಂದು ಚುಕ್ಕೆಗೆ ಇಷ್ಟು ಗಲಾಟೆಯೇ ಎನ್ನಬೇಡಿ. ಚುಕ್ಕೆ ಇದ್ದರೆ ‘ಸ್ವಯಂಸಿದ್ಧ ಸತ್ಯ’ಗಳ ಪಟ್ಟಿ ವ್ಯಕ್ತಿಯ ಹಕ್ಕುಗಳೊಂದಿಗೆ ಮುಗಿಯುತ್ತದೆ. ಚುಕ್ಕೆ ಇಲ್ಲದಿದ್ದರೆ ಪಟ್ಟಿ ಮುಂದುವರಿಯುತ್ತದೆ: ಆ ಹಕ್ಕುಗಳನ್ನು ಕಾಪಾಡಲೆಂದೇ ಜನ ಸರಕಾರಗಳನ್ನು ಕಟ್ಟಿಕೊಳ್ಳುತ್ತಾರೆ, ಸರಕಾರ ಕೆಟ್ಟರೆ ಬದಲಿಸುವ ಹಕ್ಕೂ ಅವರಿಗಿದೆ ಎಂಬುದೂ ಅಷ್ಟೇ ಸ್ವಯಂಸಿದ್ಧ ಸತ್ಯವಾಗುತ್ತದೆ. ವ್ಯಕ್ತಿ ಮೊದಲೋ, ವ್ಯಕ್ತಿಗಳು ಸೇರಿ ಕಟ್ಟಿದ ಆಡಳಿತವೂ ಅದರ ಭಾಗವೋ ಎಂಬ ಆ ದೇಶದ ಹಳೆಯ ಜಗಳ ಪೂರ್ತಿ ಅಲ್ಲಿ ಬಂದು ಕೂತಿದೆ.

ನನ್ನ ಮಟ್ಟಿಗೆ ಆ್ಯಲನ್ ಅವರ ಶಾಯಿಯ ವಾದಕ್ಕಿಂತ ವಾಕ್ಯರಚನೆಯ ವಾದ ಗಟ್ಟಿ. ಆ ಸಾಲುಗಳಲ್ಲಿ ‘ದಟ್’, ‘ದಟ್’ ಎಂದು ಒಂದರ ಹಿಂದೊಂದು ಉಪವಾಕ್ಯಗಳು ಬರುತ್ತವೆ. ಕನ್ನಡದಲ್ಲಿ ‘ಎಂದು’, ‘ಎಂದು’ ಎಂದು ಪೋಣಿಸಿದ ಹಾಗೆ. ಎಲ್ಲವೂ ‘ನಾವು ನಂಬುತ್ತೇವೆ’ ಎಂಬ ಮೊದಲ ಕ್ರಿಯಾಪದಕ್ಕೇ ನೇತುಬಿದ್ದಿವೆ. ಮೂರನೆಯ ‘ಎಂದು’ ಆದ ಮೇಲೆ ವಾಕ್ಯ ಮುಗಿಸಿ ನಾಲ್ಕನೆಯ ‘ಎಂದು’ವನ್ನು ಅಂತರದಲ್ಲಿ ಬಿಟ್ಟರೆ ಅದು ಎಲ್ಲಿಗೆ ಸೇರಬೇಕು? ಚುಕ್ಕೆ ನಿಜವಾಗಿ ಮ್ಯಾಟ್‌ಲ್ಯಾಕ್ ಇಟ್ಟದ್ದೇ ಆಗಿದ್ದರೂ ಪಕ್ಕದ ಗೆರೆಯನ್ನು ಅವನು ಬಿಟ್ಟಿಲ್ಲ. ಮಾತು ಮುಂದುವರಿಯುತ್ತದೆ ಎಂಬ ಸೂಚನೆ ಆ ಗೆರೆಯಲ್ಲಿದೆ. ಸ್ವಾರಸ್ಯ ಏನೆಂದರೆ, 1943ರಲ್ಲಿ ಉದ್ಘಾಟನೆಯಾದ ವಾಷಿಂಗ್ಟನ್‌ನ ಜೆಫರ್‌ಸನ್ ಸ್ಮಾರಕದ ಗೋಡೆಯಲ್ಲಿ ಈ ಸಾಲುಗಳನ್ನು ಕೆತ್ತಿದ್ದಾರೆ. ಅಲ್ಲಿ ‘ಹ್ಯಾಪಿನೆಸ್’ ಆದ ಮೇಲೆ ಅಲ್ಪವಿರಾಮ ಇದೆ. ಆದರೆ ಇಡೀ ಬರಹ ರೋಮನ್ ಮಾದರಿಯ ದೊಡ್ಡಕ್ಷರಗಳಲ್ಲೇ ಇರುವುದರಿಂದ ‘ಹ್ಯಾಪಿನೆಸ್’ ದೊಡ್ಡದು, ‘ಪರ್ಸೂಟ್’ ಸಣ್ಣದು ಎಂಬ ವಿವರ ಅಲ್ಲಿ ಇರಲು ಸಾಧ್ಯವೇ ಇಲ್ಲ. ‘ಅನ್‌ಏಲಿಯನಬಲ್’ ಎಂದಿದ್ದ ಪದ ಕೂಡ ‘ಇನ್‌ಏಲಿಯನಬಲ್’ ಆಗಿದೆ. ಕಲ್ಲಿನ ಮೇಲಿದೆ ಎಂದಮಾತ್ರಕ್ಕೆ ಅದು ಮೂಲಪಾಠ ಅಲ್ಲ.

ಬಂದೂಕಿನ ಪ್ರಸಂಗವನ್ನು ಚಿಕ್ಕದಾಗಿ ಹೇಳುತ್ತೇನೆ. ಆಯುಧ ಹೊಂದುವ ಹಕ್ಕಿನ ಎರಡನೆಯ ತಿದ್ದುಪಡಿ ಒಂದೇ ವಾಕ್ಯ. ಚರ್ಮದ ಹಾಳೆಯ ಪ್ರತಿಯಲ್ಲಿ ಅದಕ್ಕೆ ಮೂರು ಅಲ್ಪವಿರಾಮ. ಆ ಕಾಲದಲ್ಲೇ ಓಡಾಡಿದ ಬೇರೆ ಅಧಿಕೃತ ಪ್ರತಿಗಳಲ್ಲಿ ಒಂದೇ ಅಲ್ಪವಿರಾಮ, ದೊಡ್ಡಕ್ಷರಗಳೂ ಅದಲುಬದಲು. 2007ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಎರಡನೆಯ ಅಲ್ಪವಿರಾಮ ವಾಕ್ಯವನ್ನು ಪೀಠಿಕೆ ಮತ್ತು ಆಜ್ಞೆ ಎಂದು ಎರಡಾಗಿ ಸೀಳುತ್ತದೆ ಎಂದು ಹೇಳಿತು. ಅದೇ ಮೊಕದ್ದಮೆ ಮುಂದೆ ಸುಪ್ರೀಂ ಕೋರ್ಟಿಗೆ ಹೋಗಿ, 2008ರಲ್ಲಿ 5-4ರ ಬಹುಮತದಿಂದ ವ್ಯಕ್ತಿಗತ ಹಕ್ಕಿನ ಪರವಾಗಿ ತೀರ್ಮಾನವಾಯಿತು. ಮೂರನೆಯ ಅಲ್ಪವಿರಾಮವಂತೂ ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಕೂತಿದೆ. ಈಗಿನ ವ್ಯಾಕರಣದಲ್ಲಿ ಅದು ಶುದ್ಧ ತಪ್ಪು. ಉಸಿರಿನ ಲೆಕ್ಕದಲ್ಲಿ ನೋಡಿದರೆ ಏನೂ ತಪ್ಪಿಲ್ಲ. ಉದ್ದನೆಯ ಕರ್ತೃಪದ ಓದಿ ಮುಗಿಸಿದವನು ಅಲ್ಲಿ ಒಮ್ಮೆ ನಿಲ್ಲುತ್ತಾನೆ. ಉಸಿರಿಗಾಗಿ ಇಟ್ಟ ಗುರುತನ್ನು ವ್ಯಾಕರಣದ ಗುರುತೆಂದು ಇನ್ನೂರು ವರ್ಷದ ಮೇಲೆ ಓದಿದರೆ ಬರುವ ತಾಪತ್ರಯ ಇದು.

ತಿದ್ದಿದರೆ ಮಾತ್ರ ಅನರ್ಥ ಅಂತಲ್ಲ, ಇಲ್ಲದ್ದನ್ನು ಕಂಡರೂ ಅನರ್ಥವೇ. ಸ್ಟ್ರಾಟ್‌ಫರ್ಡ್‌ನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಷೇಕ್ಸ್‌ಪಿಯರ್‌ನ ಸಮಾಧಿಯ ಮೇಲೆ ನಾಲ್ಕು ಸಾಲಿನ ಬರಹವಿದೆ. ಗೋರಿ ಮುಟ್ಟದವನಿಗೆ ಶುಭ, ಮೂಳೆ ಕದಲಿಸಿದವನಿಗೆ ಶಾಪ. ನಮ್ಮ ದಾನಶಾಸನಗಳ ಶಾಪಾಶಯದ ಧಾಟಿಯೇ. ಈಗ ಅಲ್ಲಿರುವ ಕಲ್ಲಿನಲ್ಲಿ ಎಲ್ಲವೂ ದೊಡ್ಡಕ್ಷರ. ಆದರೆ 18ನೇ ಶತಮಾನದ ಕೊನೆಯಲ್ಲಿ ಅಚ್ಚಾದ ಪಾಠದಲ್ಲಿ ಪದಗಳ ಹೊಟ್ಟೆಯೊಳಗೆಲ್ಲ ದೊಡ್ಡಕ್ಷರಗಳು ವಿಚಿತ್ರವಾಗಿ ಬೆರೆತಿವೆ. ಎಲ್ಲೋ ನಡುವೆ ಎರಡು ‘ಜಿ’ ದೊಡ್ಡದು, ಇನ್ನೆಲ್ಲೋ ಒಂದು ‘ಎ’ ದೊಡ್ಡದು. ಅಮೆರಿಕದ ಮಾಜಿ ಸಂಸದ ಇಗ್ನೇಷಿಯಸ್ ಡಾನೆಲಿ ನಾಟಕಗಳನ್ನು ಬರೆದವನು ಫ್ರಾನ್ಸಿಸ್ ಬೇಕನ್ ಎಂದು ಸಾಧಿಸಲು 1888ರಲ್ಲೇ ದೊಡ್ಡ ಪುಸ್ತಕ ಬರೆದಿದ್ದ; 1899ರಲ್ಲಿ ಈ ಸಮಾಧಿ ಬರಹದ ದೊಡ್ಡ ಸಣ್ಣ ಅಕ್ಷರಗಳಲ್ಲೂ ಗುಪ್ತಲಿಪಿ ಕಂಡುಹಿಡಿದ. ಎರಡೆರಡು ಬಗೆಯ ಅಕ್ಷರ ಸಿಕ್ಕರೆ ಸಂಕೇತಲಿಪಿ ಮಾಡುವುದು ಕಷ್ಟವೇನಲ್ಲ. ಕಲ್ಲಿನಿಂದ ತೆಗೆದ ಪಡಿಯಚ್ಚು ಒಂದು ಆ ಕಾಲದ್ದು ಉಳಿದಿದ್ದರೆ ಈ ಮಾತೆಲ್ಲ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು.

ಆ ಕಲ್ಲಿನಲ್ಲಿ ನಮ್ಮ ಫೋಟೋ ಮಿತ್ರರಿಗೆ ಬೇಕಾದ ಇನ್ನೊಂದು ವಿವರವಿದೆ. ‘ವೈ’ ಅಕ್ಷರದ ಮೇಲೆ ಪುಟ್ಟ ‘ಇ’. ಇದನ್ನು ‘ಯೀ’ ಎಂದು ಓದುವವರೇ ಜಾಸ್ತಿ. ಅದು ‘ಯೀ’ ಅಲ್ಲ, ‘ದಿ’. ಹಳೆಯ ಇಂಗ್ಲಿಷಿನಲ್ಲಿ ಆ ಉಚ್ಚಾರಕ್ಕೆ ಥಾರ್ನ್ ಎಂಬ ಪ್ರತ್ಯೇಕ ಅಕ್ಷರ ಇತ್ತು. ಅದರ ಆಕಾರ ಸವೆಯುತ್ತಾ ‘ವೈ’ನಂತೆ ಆಯಿತು. 17-18ನೇ ಶತಮಾನದ ಸಮಾಧಿಗಳಲ್ಲಿ, ಅಮೆರಿಕದ ನ್ಯೂ ಇಂಗ್ಲೆಂಡಿನ ಕರಿಗಲ್ಲುಗಳಲ್ಲಂತೂ, ಇದು ಧಾರಾಳ. ಆ ಕಲ್ಲುಗಳನ್ನು ಸಾಲಾಗಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಹಳೆಯವು ಹೆಚ್ಚಾಗಿ ಪೂರ್ತಿ ದೊಡ್ಡಕ್ಷರ, ಪದಗಳ ನಡುವೆ ಟ್ರೇಜನ್ ಸ್ತಂಭದ ವಂಶದ ನಡುಚುಕ್ಕೆ. 18ನೇ ಶತಮಾನ ಮುಂದುವರಿದಂತೆ ಸಣ್ಣಕ್ಷರ ಬರುತ್ತದೆ, ಅದರ ಜೊತೆಗೆ ‘ಬಾಡಿ’ಗೆ, ‘ಲೈಫ್’ಗೆ, ‘ಇಯರ್’ಗೆ, ‘ಏಜ್’ಗೆ ದೊಡ್ಡಕ್ಷರ. ಪುಸ್ತಕಗಳು ಆ ರೂಢಿ ಬಿಟ್ಟ ಎಷ್ಟೋ ವರ್ಷದ ಮೇಲೂ ಕಲ್ಕುಟಿಗರು ಬಿಡಲಿಲ್ಲ. ಕಂಪನಿ ಕಾಲದಲ್ಲಿ ನಮ್ಮಲ್ಲಿಗೆ ಬಂದದ್ದು ಕಲ್ಲಿನವರ ಈ ರೂಢಿ. ಹಾಗಾಗಿ ವರ್ಷದ ಅಂಕಿ ಒಡೆದುಹೋದ ಕಲ್ಲಿನಲ್ಲಿ ದೊಡ್ಡಕ್ಷರಗಳ ಹಂಚಿಕೆ ಕಾಲದ ಊಹೆಗೆ ಒಂದು ಆಧಾರ. ಅದೊಂದರ ಮೇಲೇ ಕಾಲ ಹೇಳಬಾರದು. ಲಿಪಿಯೊಂದನ್ನೇ ನೋಡಿ ಶಾಸನದ ಕಾಲ ಹೇಳಬಾರದಲ್ಲ, ಹಾಗೆ.

ನಕಲು ಮಾಡುವ ಕ್ರಮ ಸರಳ. 1931ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಸೇರಿದ ವಿದ್ವಾಂಸರು ಗ್ರೀಕ್, ಲ್ಯಾಟಿನ್ ಬರಹಗಳಿಗೆ ಒಪ್ಪಿಕೊಂಡ ಪದ್ಧತಿ ಇಂಗ್ಲಿಷ್ ಕಲ್ಲಿಗೂ ಸಾಕಾಗುತ್ತದೆ. ಒಡೆದುಹೋಗಿ ನಾವು ತುಂಬಿದ್ದು ಚೌಕ ಆವರಣದಲ್ಲಿ, ಸಂಕ್ಷೇಪವನ್ನು ಬಿಡಿಸಿದ್ದು ದುಂಡು ಆವರಣದಲ್ಲಿ. ಅಕ್ಷರದ ದೊಡ್ಡ ಸಣ್ಣ, ಚುಕ್ಕೆ, ಮೇಲೆ ಏರಿಸಿದ ಅಕ್ಷರ ಕಲ್ಲಿನಲ್ಲಿದ್ದ ಹಾಗೆ. ಕೆಳಗೆ ಬೇಕಾದರೆ ಈಗಿನ ರೂಢಿಯ ಸುಲಭ ಪಾಠ ಕೊಡಿ, ಅದನ್ನು ಬೇಡ ಎನ್ನುವವರಿಲ್ಲ.

ಕೊನೆಗೆ ನಮ್ಮ ಅಂಗಳದ ಒಂದು ಮಾತು. ಕನ್ನಡಕ್ಕೆ ಅಚ್ಚುಮನೆಯ ಜೊತೆ ಅಲ್ಪವಿರಾಮ, ಪ್ರಶ್ನಾರ್ಥಕ ಎಲ್ಲ ಬಂದವು, ದೊಡ್ಡಕ್ಷರ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಆದರೆ ನಮ್ಮ ಶಾಸನಗಳು ರೋಮನ್ ಲಿಪಿಗೆ ಹೋದ ಕೂಡಲೇ ಆ ತೊಡಕು ನಮ್ಮದೂ ಆಯಿತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಕನ್ನಡ ಲಿಪಿಯ ಪಾಠದ ಜೊತೆಗೆ ರೋಮನ್ ಲಿಪಿಯ ಪಾಠವೂ ಇಂಗ್ಲಿಷ್ ಅನುವಾದವೂ ಇವೆ. ಇಂದಿಗೂ ಯಾರೇ ಲಿಪ್ಯಂತರ ಮಾಡಲಿ, ಪ್ರತಿಯೊಂದು ಪದದ ಮುಂದೆ ಒಂದು ತೀರ್ಮಾನ ಕಾದಿರುತ್ತದೆ. ‘ಪೃಥ್ವೀವಲ್ಲಭ’ ಬಿರುದೋ, ಭೂಮಿಯ ಒಡೆಯ ಎಂಬ ಬರೀ ವರ್ಣನೆಯೋ? ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ‘ಕಲಿ’ಯನ್ನೇ ತೆಗೆದುಕೊಳ್ಳಿ. ಕಲಿ ಎಂದರೆ ವೀರನೂ ಹೌದು, ಯುಗವನ್ನು ಕೆಡಿಸುವ ಕಲಿಪುರುಷನೂ ಹೌದು. ‘ಮಾಧವ’ ಎಂಬಲ್ಲಿ ವಿಷ್ಣುವಿನ ಹೆಸರಿದೆ, ಹೊಗಳಿಕೆಯೂ ಇದೆ. ಸುಮಾರು ಕ್ರಿ.ಶ. 700ರ ಆ ಬಂಡೆಯ ಮೇಲೆ ಎರಡು ಅರ್ಥಕ್ಕೂ ಜಾಗವಿದೆ. ರೋಮನ್ ಲಿಪಿಯಲ್ಲಿ ‘ಕೆ’ ದೊಡ್ಡದು ಮಾಡಿದರೆ ವೀರ ಹೊರಗೆ ಹೋಗುತ್ತಾನೆ, ಸಣ್ಣದು ಮಾಡಿದರೆ ಕಲಿಪುರುಷ ಹೋಗುತ್ತಾನೆ. ಪಾಠವನ್ನು ಪೂರ್ತಿ ಸಣ್ಣಕ್ಷರದಲ್ಲಿ ಕೊಟ್ಟು, ಹೆಸರು ಯಾವುದು ಎಂಬ ತೀರ್ಮಾನವನ್ನು ಅನುವಾದಕ್ಕೆ ಬಿಡುವ ಸಂಪಾದಕರ ಪದ್ಧತಿ ನನಗೆ ಹೆಚ್ಚು ಹಿಡಿಸುತ್ತದೆ.